ಮಗೂಗೆ ಎಷ್ಟು ವರ್ಷ?

1980ರಿಂದ 2013ರವರೆಗೆ, ಒಟ್ಟು 33 ವರ್ಷ, ನಾನು ದಿನಕ್ಕೆ ಏನಿಲ್ಲವೆಂದರೂ ಇಪ್ಪತ್ತು ಸಲ ಕೇಳಿದ ಪ್ರಶ್ನೆ ಇದು. ಬೆಂಗಳೂರು–ಮೈಸೂರು ರೂಟಿನ ಕೆಂಪು ಬಸ್ಸು, ಕಂಕುಳಲ್ಲಿ ಚರ್ಮದ ಚೀಲ, ಕೈಯಲ್ಲಿ ಟಿಕೆಟ್ ಟ್ರೇ, ಕಿವಿ ಸಂದಿಯಲ್ಲಿ ಪೆನ್ನು. ಕೆಂಗೇರಿ ದಾಟುವಷ್ಟರಲ್ಲಿ ಬಸ್ಸಿನ ಹಿಂದಿನಿಂದ ಶುರುಮಾಡಿ ಮುಂದಕ್ಕೆ ಬಂದು, ಬಿಡದಿಗೆ ವೇಬಿಲ್ ಬರೆದು ಮುಗಿಸಬೇಕು. ಆ ಹೊತ್ತಿನಲ್ಲಿ ತಾಯಿ ಪಕ್ಕದಲ್ಲಿ ಕೂತ ಪ್ರತಿ ಮಗುವನ್ನೂ ನೋಡಿ ಇದೊಂದನ್ನು ಕೇಳಲೇಬೇಕಾಗಿತ್ತು. 6 ವರ್ಷದ ಒಳಗಿದ್ದರೆ ಟಿಕೆಟ್ ಇಲ್ಲ, 6ರಿಂದ 12ಕ್ಕೆ ಹಾಫ್, ಆಮೇಲೆ ಫುಲ್. ನಿಯಮ ಇಷ್ಟೇ. ಆದರೆ ನಿಯಮಕ್ಕೂ ಉತ್ತರಕ್ಕೂ ಸಂಬಂಧ ಇರುತ್ತಿರಲಿಲ್ಲ.

"ಐದು ತುಂಬಿಲ್ಲ ಕಣಣ್ಣ, ಬೆಳವಣಿಗೆ ಜಾಸ್ತಿ." ಇದು ಮೊದಲನೆಯ ಉತ್ತರ. ಎರಡನೆಯದು ಉತ್ತರವೇ ಅಲ್ಲ, ನನ್ನನ್ನು ಕಂಡ ಕೂಡಲೇ ಎಂಟು ವರ್ಷದ ಹುಡುಗನನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡು ಸೆರಗು ಮುಚ್ಚುವುದು. ಸೆರಗಿನ ಕೆಳಗಿನಿಂದ ಶಾಲೆಯ ಬೂಟು ಕಾಣುತ್ತಿರುತ್ತಿತ್ತು. ರಾಮನಗರದಲ್ಲಿ ಹತ್ತಿದ ಒಬ್ಬ ತಾಯಿ ಹೀಗೇ "ಐದು" ಅಂದಳು. ಹುಡುಗ ಕಿಟಕಿಯಿಂದ ತಲೆ ಒಳಗೆ ತಂದು, "ಅವ್ವಾ, ನಾನು ಮೂರನೇ ಕ್ಲಾಸು ಅಲ್ವಾ?" ಅಂದ. ಬಸ್ಸಿಗೆ ಬಸ್ಸೇ ನಕ್ಕಿತು. ಆಕೆ ಅವನ ತೊಡೆ ಚಿವುಟಿ, ಎಲೆಅಡಿಕೆ ಚೀಲದ ಬಾಯಿ ಬಿಚ್ಚಿ ಚಿಲ್ಲರೆ ಎಣಿಸಿದಳು. ನಾನು ಹಾಫ್ ಹರಿದುಕೊಟ್ಟೆ. ಹುಡುಗನಿಗೆ ಅಳು ಬಂದಿದ್ದು ಚಿವುಟಿದ್ದಕ್ಕಲ್ಲ, ತನ್ನ ತಪ್ಪೇನು ಅನ್ನುವುದು ಗೊತ್ತಾಗದೆ ಅಂತ ನನಗೆ ಅನಿಸಿತ್ತು.

ಅಷ್ಟು ವರ್ಷದ ಸರ್ವೀಸಿನಲ್ಲಿ ಮಗುವಿನ ವಯಸ್ಸನ್ನು ಹೆಚ್ಚು ಮಾಡಿ ಹೇಳಿದ ಒಬ್ಬ ತಾಯಿಯನ್ನೂ ನಾನು ಕಾಣಲಿಲ್ಲ. ಮಕ್ಕಳು ಎಂದರೆ ಕುಗ್ಗಬೇಕು, ಮುದುಡಬೇಕು, ತೊಡೆ ಮೇಲೆ ಬರಬೇಕು. ಹಾಗಿರುವಾಗ, ಕಳೆದ ವರ್ಷ ಜೂನ್‌ನಲ್ಲಿ ಮಗಳು, ಮೊಮ್ಮಕ್ಕಳ ಜೊತೆ ಮೈಸೂರು ರಸ್ತೆಯ ವಂಡರ್‌ಲಾಗೆ ಹೋದಾಗ, ಒಂದು ಅಳತೆಗೋಲಿನ ಮುಂದೆ ಸಾಲುಗಟ್ಟಿ ನಿಂತ ಮಕ್ಕಳೆಲ್ಲ ಕತ್ತು ಉದ್ದ ಮಾಡಿ ತುದಿಗಾಲಲ್ಲಿ ನಿಂತಿದ್ದು ಕಂಡೆ. ಆವತ್ತು ನನಗೆ ತಲೆ ತಿರುಗಿದ್ದು ಜಾಯಿಂಟ್ ವೀಲಿನಿಂದಲ್ಲ.

ಜಾಯಿಂಟ್ ವೀಲ್ ಅಂತಲೇ ಬರೆಯುತ್ತೇನೆ. ಅದು ಜೈಂಟ್ ವೀಲ್ ಅಂತ ಮಗಳು ಎಷ್ಟು ಸಲ ತಿದ್ದಿದರೂ, ಜಾತ್ರೆಯಲ್ಲಿ ಅದನ್ನು ಹತ್ತಿದವರ ಬಾಯಲ್ಲಿ ಅದು ಹಾಗೇ. ನನ್ನ ಕಾಲಕ್ಕೆ ಅದೂ ಇರಲಿಲ್ಲ. ಪಾಂಡವಪುರದ ಕಡೆ ಬೇಬಿಬೆಟ್ಟದಲ್ಲಿ ದನಗಳ ಜಾತ್ರೆ ನಡೆಯುತ್ತದೆ. ಅಪ್ಪ ಹೋರಿ ಕೊಳ್ಳಲು ಹೋದಾಗ ನಾನು ಹೋದದ್ದು ಮರದ ತೊಟ್ಟಿಲು ಹತ್ತಲು. ನಾಲ್ಕೇ ಪೆಟ್ಟಿಗೆ, ನಡುವೆ ಅಚ್ಚು, ಕರೆಂಟಿಲ್ಲ, ಎಂಜಿನ್ನಿಲ್ಲ. ಇಬ್ಬರು ಆಳುಗಳು ಕೈಯಿಂದ ತಳ್ಳಿ ತಿರುಗಿಸುತ್ತಿದ್ದರು. ತೊಟ್ಟಿಲಿನವನು ವಯಸ್ಸು ಕೇಳುತ್ತಿರಲಿಲ್ಲ, ಎತ್ತರ ನೋಡುತ್ತಿರಲಿಲ್ಲ. ಕಣ್ಣಲ್ಲೇ ತೂಕ ಮಾಡುತ್ತಿದ್ದ. "ಗೌಡ್ರೇ ನೀವು ಈ ಕಡೆ, ಎದುರಿಗೆ ಮೂರು ಐಕ್ಳು ಹತ್ಲಿ." ಒಂದು ಕಡೆ ಭಾರವಾದರೆ ತೊಟ್ಟಿಲು ಕೆಳಗೇ ನಿಂತುಬಿಡುತ್ತದೆ, ಮೇಲಕ್ಕೆ ತಳ್ಳುವವನ ರಟ್ಟೆ ಬಿದ್ದುಹೋಗುತ್ತದೆ. ಹಾಗಾಗಿ ತೆಳ್ಳಗಿದ್ದ ನಾನು ಯಾವಾಗಲೂ ಯಾರದೋ ಎದುರಿನ ತೂಕ. ಒಮ್ಮೆ ಇನ್ನೂ ಸ್ವಲ್ಪ ಸಾಲದು ಅಂತ ನನ್ನ ತೊಡೆ ಮೇಲೆ ಒಂದು ಕಡಲೆಪುರಿ ಮೂಟೆ ಇಟ್ಟಿದ್ದ. ಪುರಿ ಎಷ್ಟು ತೂಗುತ್ತದೆ ಹೇಳಿ!

ಇಂಥ ತೊಟ್ಟಿಲು ನಮ್ಮದೊಂದೇ ನಾಡಿನದೇನಲ್ಲ. ಹದಿನೇಳನೇ ಶತಮಾನದ ಶುರುವಿನಲ್ಲೇ ತುರ್ಕರ ಸೀಮೆಯ ಹಬ್ಬಗಳಲ್ಲಿ ಇದನ್ನು ಕಂಡ ಯುರೋಪಿನ ಪ್ರವಾಸಿಗಳು ಬರೆದಿಟ್ಟಿದ್ದಾರೆ. ಅದನ್ನು ಉಕ್ಕಿನಲ್ಲಿ ಕಟ್ಟಿ ದೈತ್ಯವಾಗಿಸಿದ್ದು 1893ರಲ್ಲಿ, ಶಿಕಾಗೋ ಪ್ರದರ್ಶನದಲ್ಲಿ, ಜಾರ್ಜ್ ಫೆರಿಸ್ ಎನ್ನುವ ಎಂಜಿನಿಯರ್. 264 ಅಡಿ ಎತ್ತರ, 36 ಡಬ್ಬಿ, ಒಂದೊಂದರಲ್ಲಿ 60 ಜನ. ಒಂದು ಡಬ್ಬಿಯಲ್ಲಿ ನನ್ನ ಒಂದು ಬಸ್ಸಿನ ಜನ! ಅಂಥ 36 ಬಸ್ಸು ಗಾಳಿಯಲ್ಲಿ ತಿರುಗುತ್ತಿವೆ ಅಂತ ಊಹಿಸಿಕೊಂಡರೆ, ಅದರ ಕಂಡಕ್ಟರನ ಕಲೆಕ್ಷನ್ ಏನಿರಬಹುದು ಅನ್ನುವುದೇ ನನಗೆ ಮೊದಲು ಹೊಳೆಯುತ್ತದೆ.

ಆದರೆ ಮಕ್ಕಳನ್ನು ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಿ ಖುಷಿಪಡಿಸಿ ತರುವ ಪದ್ಧತಿ, ಅದಕ್ಕೊಂದು ಪಟ್ಟಿ ಮಾಡುವ ಪದ್ಧತಿ, ನಮ್ಮ ಕಡೆ ಬಂದದ್ದು ಜಾತ್ರೆಯಿಂದಲ್ಲ. ಜಾತ್ರೆಗೆ ದೊಡ್ಡವರು ಹೋಗುತ್ತಿದ್ದರು, ಮಕ್ಕಳು ಬಾಲ. ಬರಿ ಮಕ್ಕಳಿಗೋಸ್ಕರ ಅಂತ ಬಸ್ಸು ಹೊರಟಿದ್ದನ್ನು ನಾನು ಕಂಡದ್ದು ಶಾಲೆಯ ಪ್ರವಾಸದಲ್ಲಿ, ಹೊರಡುವ ಊರು ಯಾವುದಾದರೂ ಸರಿ, ಹೋಗುವ ಊರು ಮೈಸೂರು.

ನಮ್ಮ ನಿಗಮದ ಬಸ್ಸುಗಳ ಮೂಲ 1948ರ ಸೆಪ್ಟೆಂಬರ್ 12. ಆವತ್ತು ಮೈಸೂರು ಸರ್ಕಾರ 120 ಬಸ್ಸುಗಳೊಂದಿಗೆ ತನ್ನದೇ ರಸ್ತೆ ಸಾರಿಗೆ ಇಲಾಖೆ ಶುರುಮಾಡಿತು. 1961ರಲ್ಲಿ ಅದು ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನ ಜೊತೆ ಅದರ ಹೆಸರೂ ಕರ್ನಾಟಕವಾಯಿತು. ನಾನು ಸೇರಿದಾಗ ಡಿಸೆಂಬರ್, ಜನವರಿ ಬಂತೆಂದರೆ ಡಿಪೋದಲ್ಲಿ ಒಪ್ಪಂದದ ಬಸ್ಸುಗಳದ್ದೇ ಓಡಾಟ. ಒಂದು ಶಾಲೆ ಒಂದು ಬಸ್ಸು ಹಿಡಿದರೆ ಬೆಳಗಿನ ಜಾವ ನಾಲ್ಕಕ್ಕೆ ಹೊರಟು ರಾತ್ರಿ ಹನ್ನೊಂದಕ್ಕೆ ವಾಪಸು. ಅಂಥ ಡ್ಯೂಟಿ ಬಿದ್ದರೆ ನನಗೆ ಖುಷಿ. ಟಿಕೆಟ್ ಹರಿಯುವ ಕೆಲಸವಿಲ್ಲ, ವಯಸ್ಸು ಕೇಳುವ ಕೆಲಸವಿಲ್ಲ.

ಪಟ್ಟಿ ಹೆಡ್‌ಮಾಸ್ಟರ ಜೇಬಿನಲ್ಲಿರುತ್ತಿತ್ತು, ರೂಲು ಹಾಕಿದ ಹಾಳೆಯಲ್ಲಿ. ಯಾವ ಶಾಲೆಯಾದರೂ ಪಟ್ಟಿ ಒಂದೇ: ಶ್ರೀರಂಗಪಟ್ಟಣದಲ್ಲಿ ಹಲ್ಲುಜ್ಜಿ ಮುಖ ತೊಳೆಯುವುದು, ರಂಗನಾಥನ ಗುಡಿ, ಮೃಗಾಲಯ, ಅರಮನೆ, ಚಾಮುಂಡಿಬೆಟ್ಟ, ಕೊನೆಗೆ ಸಂಜೆ ಬೃಂದಾವನದ ದೀಪ. ಮೃಗಾಲಯ ಚಾಮರಾಜ ಒಡೆಯರು 1892ರಲ್ಲಿ ಮಾಡಿಸಿದ್ದು, ಜನಕ್ಕೆ ಬಾಗಿಲು ತೆರೆದದ್ದು 1902ರಲ್ಲಿ. ಅರಮನೆ 1912ರಲ್ಲಿ ಮುಗಿದದ್ದು. ಬೃಂದಾವನ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಕಟ್ಟೆಯ ಕೆಳಗೆ ಎದ್ದ ತೋಟ. ಒಂದು ಲೆಕ್ಕಕ್ಕೆ, ಮೂವತ್ತರ ದಶಕದ ಹೊತ್ತಿಗೆ ಈ ದಿನದ ಪಟ್ಟಿ ಪೂರ್ತಿ ತಯಾರಾಗಿತ್ತು. ಬಸ್ಸು ಬರುವುದೊಂದೇ ಬಾಕಿ. ಇದರಲ್ಲಿ ಒಂದೂ ಮಕ್ಕಳ ಆಟಕ್ಕೆ ಅಂತ ಕಟ್ಟಿದ್ದಲ್ಲ ಅನ್ನುವುದು ಬೇರೆ ಮಾತು.

ಆ ಪಟ್ಟಿಯ ಎಡವಟ್ಟು ನನಗೆ ಎರಡೇ ಪ್ರವಾಸಕ್ಕೆ ಗೊತ್ತಾಗಿತ್ತು. ದೀಪ ಹತ್ತುವುದು ಕತ್ತಲಾದ ಮೇಲೆ. ಹಾಗಾಗಿ ಎಲ್ಲಕ್ಕಿಂತ ಚೆಂದದ್ದು ಎಲ್ಲಕ್ಕಿಂತ ಕೊನೆಗೆ. ಒಂದನೇ, ಎರಡನೇ ಕ್ಲಾಸಿನ ಮಕ್ಕಳು ಅಷ್ಟು ಹೊತ್ತಿಗೆ ಬೆಟ್ಟ ಹತ್ತಿ ಇಳಿದು, ಅರಮನೆಯ ಕಲ್ಲಿನ ಮೇಲೆ ಬರಿಗಾಲಲ್ಲಿ ನಡೆದು, ಮಧ್ಯಾಹ್ನದ ಚಿತ್ರಾನ್ನ ಜೀರ್ಣವಾಗಿ, ಬಾಡಿದ ಸೊಪ್ಪಿನ ಹಾಗಾಗಿರುತ್ತಿದ್ದವು. ಕಾರಂಜಿಗೆ ಬಣ್ಣ ಬಂದು ಜನ ಹೋ ಅನ್ನುವಾಗ ಅರ್ಧ ಮಕ್ಕಳು ಹುಲ್ಲಿನ ಮೇಲೆ ಗಾಢ ನಿದ್ದೆ. ಒಂದೊಂದನ್ನೇ ಹೆಗಲ ಮೇಲೆ ಹಾಕಿಕೊಂಡು ಬಸ್ಸಿಗೆ ತರುವುದು ಮೇಷ್ಟರು, ಡ್ರೈವರು, ನಾನು. ಮಾರನೇ ದಿನ "ಏನು ನೋಡಿದ್ಯೋ?" ಅಂತ ಕೇಳಿದರೆ ಬೃಂದಾವನ ಅಂತ ಒಬ್ಬನೂ ಹೇಳುತ್ತಿರಲಿಲ್ಲವಂತೆ. ಬಸ್ಸಿನಲ್ಲಿ ಇಂಥವನು ವಾಂತಿ ಮಾಡಿದ, ಜಿರಾಫೆ ನಾಲಿಗೆ ಕಪ್ಪಗಿತ್ತು, ಅಷ್ಟೇ. ನಾನು ಹೊರಡುವ ಮೊದಲೇ ಮೇಷ್ಟರ ಕೈಗೆ ಎಂಟು ನಿಂಬೆಹಣ್ಣು ಕೊಡಿಸುತ್ತಿದ್ದೆ. ಬಸ್ಸಿನ ಹಿಂದಿನ ಚಕ್ರದ ಮೇಲಿನ ಸೀಟಿನಲ್ಲಿ ಪುಟ್ಟ ಮಕ್ಕಳನ್ನು ಕೂರಿಸಬೇಡಿ ಅನ್ನುತ್ತಿದ್ದೆ. ಕೇಳಿದವರಿಗಿಂತ ಕೇಳದವರೇ ಹೆಚ್ಚು.

ಒಂದು ಸಲ, ಶಾಲೆಯ ಹೆಸರು ಬೇಡ, ಪಟ್ಟಿ ಎಲ್ಲ ಸರಿಯಾಗಿಯೇ ಇತ್ತು, ವಾರ ಮಾತ್ರ ಮಂಗಳವಾರ. ಮೈಸೂರು ಮೃಗಾಲಯಕ್ಕೆ ಮಂಗಳವಾರ ರಜೆ. ಅರುವತ್ತು ಮಕ್ಕಳು ಮುಚ್ಚಿದ ಗೇಟಿನ ಮುಂದೆ ಕೈ ಕೈ ಹಿಡಿದು ಜೋಡಿಸಾಲಿನಲ್ಲಿ ನಿಂತಿದ್ದಾರೆ. ಒಳಗೆ ನವಿಲು ಕೂಗುತ್ತಿದೆ. ಒಬ್ಬ ಹುಡುಗ ಗೇಟಿನ ಸಂದಿಗೆ ಮೂಗು ತೂರಿಸಿ, "ಸಾ, ಹುಲಿ ವಾಸ್ನೆ ಬತ್ತಾ ಅದೆ" ಅಂದ. ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಮೂಗು ತೂರಿಸಿ ಹೋದರು. ಹೆಡ್‌ಮಾಸ್ಟರು ಬೆಟ್ಟಕ್ಕಾದರೂ ಮೊದಲೇ ಹೋಗೋಣ ಅಂದರು. ಮಂಗಳವಾರ ದೇವಿಯ ವಾರ, ಅಲ್ಲಿ ಕಾಲಿಡಲು ಜಾಗವಿಲ್ಲ. ಆ ದಿನ ಆ ಮಕ್ಕಳು ನಿಜವಾಗಿ ಆಡಿದ್ದು ಮಹಿಷಾಸುರನ ಪ್ರತಿಮೆಯ ಹತ್ತಿರ, ಬಸ್ಸಿನ ನೆರಳಲ್ಲಿ, ಕುಂಟೆಬಿಲ್ಲೆ. ಅದನ್ನು ಯಾವ ಊರಿನಲ್ಲಾದರೂ ಆಡಬಹುದಿತ್ತು. ಆದರೆ ಅಷ್ಟು ಜೋರಾಗಿ ನಗುವುದನ್ನು ನಾನು ಬೃಂದಾವನದಲ್ಲಿ ಕೇಳಿರಲಿಲ್ಲ.

ನನ್ನ ಮಗಳು ಪುಟ್ಟವಳಿದ್ದಾಗ ನಾನು ಕರೆದುಕೊಂಡು ಹೋಗುತ್ತಿದ್ದದ್ದು ಕಬ್ಬನ್ ಪಾರ್ಕಿನ ಬಾಲಭವನಕ್ಕೆ. ಪುಟಾಣಿ ರೈಲು, ಒಂದು ಜಾರುಬಂಡೆ, ಹೊರಗೆ ಕಡಲೆಕಾಯಿ. ವಾರದ ರಜೆಯ ಮಧ್ಯಾಹ್ನ ಹೊರಟರೆ ಸಂಜೆಗೆ ಮನೆ. ಪಟ್ಟಿಯೇ ಬೇಕಾಗಿರಲಿಲ್ಲ. ಈಗ ಅನಿಸುತ್ತದೆ, ನಾಲ್ಕೈದು ವರ್ಷದ ಮಗುವಿನ ದಿನದ ಉದ್ದ ಅಷ್ಟೇ ಇರುವುದು.

ಆಟಕ್ಕೆಂದೇ ಬೇಲಿ ಹಾಕಿ, ಗೇಟಿಟ್ಟು, ಗೇಟಿನಲ್ಲಿ ದುಡ್ಡು ತೆಗೆದುಕೊಳ್ಳುವ ಪದ್ಧತಿ ಬೇರೆ ಕಡೆಯಿಂದ ಬಂತು. ಡೆನ್ಮಾರ್ಕಿನ ಟಿವೋಲಿ 1843ರದು. ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ 1895ರಲ್ಲಿ ಪಾಲ್ ಬಾಯ್ಟನ್ ಎಂಬಾತ ಸುತ್ತ ಬೇಲಿ ಹಾಕಿ ಪ್ರವೇಶ ಶುಲ್ಕ ಇಟ್ಟ. ಇವೆಲ್ಲ ಹೆಚ್ಚಾಗಿ ದೊಡ್ಡವರ ಮೋಜಿನ ಜಾಗಗಳೇ. ವಾಲ್ಟ್ ಡಿಸ್ನಿಯ ಕತೆ ನನಗೆ ಇಷ್ಟವಾಗುವುದು ಅದು ಒಂದು ಬೆಂಚಿನಿಂದ ಶುರುವಾಗುವುದಕ್ಕೆ. ಲಾಸ್ ಏಂಜಲೀಸಿನ ಗ್ರಿಫಿತ್ ಪಾರ್ಕಿನಲ್ಲಿ ಮಕ್ಕಳು ಸುತ್ತುವ ಮರದ ಕುದುರೆ ಮೇಲೆ, ಈತ ಕಡಲೆಕಾಯಿ ತಿನ್ನುತ್ತಾ ಬೆಂಚಿನ ಮೇಲೆ. ಅಪ್ಪನೂ ಮಕ್ಕಳೂ ಜೊತೆಗೇ ಆಡುವ ಜಾಗ ಒಂದಿರಬಾರದೇ ಅನಿಸಿತಂತೆ. ನಾನೂ ಬಾಲಭವನದಲ್ಲಿ ಕಡಲೆಕಾಯಿ ತಿಂದಿದ್ದೇನೆ. ನನಗೆ ಅನಿಸಿದ್ದು ನಾಳೆ ಫಸ್ಟ್ ಶಿಫ್ಟು ಅಂತ.

ಡಿಸ್ನಿಲ್ಯಾಂಡ್ 1955ರ ಜುಲೈ 17ರಂದು ಅನಹೈಮಿನ ಕಿತ್ತಳೆ ತೋಟಗಳಿದ್ದ ಜಾಗದಲ್ಲಿ ಬಾಗಿಲು ತೆರೆಯಿತು. ಶುರುವಿನಲ್ಲಿ ಗೇಟಿನ ದರ ದೊಡ್ಡವರಿಗೆ ಒಂದು ಡಾಲರ್, ಮಕ್ಕಳಿಗೆ ಐವತ್ತು ಸೆಂಟ್. ಅಂದರೆ ಅಲ್ಲೂ ಹಾಫ್ ಟಿಕೆಟ್ಟೇ! ಒಳಗೆ ಆಟಗಳಿಗೆ ಬೇರೆ ದುಡ್ಡು. ಕೆಲವೇ ತಿಂಗಳಲ್ಲಿ ಅವರು ಟಿಕೆಟ್ ಪುಸ್ತಕ ಮಾಡಿದರು. ಎ, ಬಿ, ಸಿ ಅಂತ ದರ್ಜೆ, ಆಮೇಲೆ ಡಿ, 1959ರಲ್ಲಿ ಇ. ಎ ಎಂದರೆ ಮರದ ಕುದುರೆಯಂಥ ಸಣ್ಣ ಆಟ, ಇ ಎಂದರೆ ಮ್ಯಾಟರ್‌ಹಾರ್ನ್ ಬೆಟ್ಟದಿಂದ ಜಾರುವಂಥದ್ದು. ಇದನ್ನು ಓದಿದಾಗ ನನಗೆ ನನ್ನ ಟ್ರೇ ನೆನಪಾಯಿತು. ಒಂದೊಂದು ದರಕ್ಕೆ ಒಂದೊಂದು ಬಣ್ಣದ ಟಿಕೆಟ್ ಕಟ್ಟು, ಬೆರಳು ಕಣ್ಣು ಮುಚ್ಚಿಕೊಂಡೂ ಸರಿಯಾದ ಕಟ್ಟಿಗೇ ಹೋಗುತ್ತಿತ್ತು. ವ್ಯತ್ಯಾಸ ಏನೆಂದರೆ ನನ್ನಲ್ಲಿ ಉಳಿದ ಟಿಕೆಟ್ಟಿನ ನಂಬರು ಡಿಪೋದಲ್ಲಿ ಒಪ್ಪಿಸಬೇಕಿತ್ತು. ಅಲ್ಲಿ ಇ ಎಲ್ಲ ಖರ್ಚಾಗಿ, ಎ, ಬಿ ಚೀಟಿಗಳು ಜನರ ಮನೆಯ ಮೇಜಿನ ಡ್ರಾಯರಿನಲ್ಲಿ ವರ್ಷಗಟ್ಟಲೆ ಉಳಿಯುತ್ತಿದ್ದವು. ಇ ಟಿಕೆಟ್ ಅನ್ನುವುದು ಅಮೆರಿಕನ್ನರ ಆಡುಮಾತೇ ಆಯಿತು. 1983ರಲ್ಲಿ ಬಾಹ್ಯಾಕಾಶಕ್ಕೆ ಹೋದ ಸ್ಯಾಲಿ ರೈಡ್ ತನ್ನ ಪ್ರಯಾಣವನ್ನು ಅದಕ್ಕೇ ಹೋಲಿಸಿದಳು. ಅಷ್ಟು ಹೊತ್ತಿಗೆ ಪುಸ್ತಕವೇ ನಿಂತುಹೋಗಿ ಒಂದು ವರ್ಷವಾಗಿತ್ತು. 1982ರಿಂದ ಗೇಟಿನಲ್ಲಿ ಒಂದೇ ಸಲ ಕೊಟ್ಟರೆ ಮುಗಿಯಿತು.

ಈ ಬದಲಾವಣೆ ಸಣ್ಣದೆಂದು ಕಂಡರೂ ದಿನದ ಪಟ್ಟಿಯನ್ನು ತಲೆಕೆಳಗು ಮಾಡಿದ್ದು ಇದೇ. ಆಟಕ್ಕೊಂದು ದುಡ್ಡು ಎಂದರೆ ಅಮ್ಮ "ಎರಡು ಆಟ ಸಾಕು" ಅನ್ನುತ್ತಾಳೆ, ಮಗು ಎರಡನ್ನೇ ಆರಿಸುತ್ತದೆ, ಮಿಕ್ಕ ಹೊತ್ತು ಮರದ ಕೆಳಗೆ. ಒಂದೇ ಸಲ ದುಡ್ಡು ಕೊಟ್ಟ ಮೇಲೆ ಎಷ್ಟು ಆಡಿದರೆ ಅಷ್ಟು ಲಾಭ. ಅಲ್ಲಿಂದ ದಿನ ಅನ್ನುವುದು ವಸೂಲಿಯ ಲೆಕ್ಕ ಆಗುತ್ತದೆ. ನಾನು ಕಲೆಕ್ಷನ್ನಿನ ಮನುಷ್ಯ, ಈ ರೋಗ ನನಗೆ ಬೇಗ ಗುರುತು ಸಿಗುತ್ತದೆ.

ನಮ್ಮ ದೇಶಕ್ಕೆ ಬೇಲಿ, ಗೇಟಿನ ಆಟದ ಪಾರ್ಕು ಬಂದದ್ದು 1984ರಲ್ಲಿ, ದೆಹಲಿಯ ಅಪ್ಪು ಘರ್ ಆಗಿ. ಏಷ್ಯನ್ ಕ್ರೀಡಾಕೂಟದ ಆನೆಮರಿಯ ಹೆಸರು. ಅದು 2008ರಲ್ಲಿ ಮುಚ್ಚಿತು. ಮುಂಬೈಯ ಎಸ್ಸೆಲ್ ವರ್ಲ್ಡ್ 1989ರದು, ಕೊಲ್ಕತ್ತದ ನಿಕ್ಕೋ ಪಾರ್ಕ್ 1991ರದು. ಕರೆಂಟಿನ ಸ್ಟೆಬಿಲೈಸರ್ ಮಾಡುತ್ತಿದ್ದ ವಿ-ಗಾರ್ಡ್ ಕಂಪನಿಯ ಕೊಚ್ಚೌಸೇಫ್ ಚಿಟ್ಟಿಲಪ್ಪಿಳ್ಳಿ 2000ದಲ್ಲಿ ಕೊಚ್ಚಿಯಲ್ಲಿ ವೀಗಾಲ್ಯಾಂಡ್ ಮಾಡಿದರು, 2005ರಲ್ಲಿ ನಮ್ಮ ರೂಟಿನ ಮಗ್ಗುಲಲ್ಲೇ, ಬಿಡದಿಗೆ ಮೊದಲು, ವಂಡರ್‌ಲಾ. ನನಗೆ ಅದು ಗೊತ್ತಾದದ್ದು ಪೇಪರಿನಿಂದಲ್ಲ. ಹೆಜ್ಜಾಲಕ್ಕೆ ಟಿಕೆಟ್ ಕೇಳುವವರ ಚಹರೆ ಬದಲಾಯಿತು. ಅದುವರೆಗೆ ಹೆಜ್ಜಾಲಕ್ಕೆ ಇಳಿಯುತ್ತಿದ್ದದ್ದು ಸೊಪ್ಪಿನ ಮಂಕರಿ, ಹಾಲಿನ ಕ್ಯಾನು. ಈಗ ಟವೆಲ್ ಇಟ್ಟ ಬ್ಯಾಗು ಹೊತ್ತ ಕಾಲೇಜು ಹುಡುಗರು. ಸಂಜೆ ಅದೇ ಹುಡುಗರು ಒದ್ದೆ ತಲೆ, ಕೆಂಪು ಕಣ್ಣು, ಸೀಟೆಲ್ಲ ಒದ್ದೆ. "ಏನ್ರಪ್ಪಾ ಮಳೇನಾ?" ಅಂತ ಕೇಳಿದರೆ ನಗುತ್ತಿದ್ದರು.

ನಿವೃತ್ತನಾಗುವವರೆಗೂ ಆ ಗೇಟಿನ ಒಳಗೆ ನಾನು ಹೋಗಲಿಲ್ಲ. ಹೋದದ್ದು ಕಳೆದ ಜೂನ್‌ನಲ್ಲಿ, ಮಗಳ ಪಟ್ಟಿಯ ಪ್ರಕಾರ. ಪಟ್ಟಿ ಈಗ ಹೆಡ್‌ಮಾಸ್ಟರ ಜೇಬಿನಿಂದ ತಾಯಂದಿರ ಮೊಬೈಲಿಗೆ ಬಂದಿದೆ. ಶನಿವಾರ, ಭಾನುವಾರ ಬೇಡ, ಬೇಸಿಗೆ ರಜೆ ಬೇಡವೇ ಬೇಡ, ಶಾಲೆ ಶುರುವಾದ ಮೇಲಿನ ಒಂದು ಮಂಗಳವಾರ ಅಂದಳು. ನನ್ನ ಎದೆ ಧಸಕ್ಕೆಂದಿತು.

"ಮಂಗಳವಾರ ರಜ ಇರಲ್ವೇನೇ?"

"ಅಪ್ಪಾ, ಅದು ಜೂ ಕಣಪ್ಪ."

ಮಕ್ಕಳಿಗೆ ಶಾಲೆ ಇತ್ತಲ್ಲ, ಹೊಟ್ಟೆನೋವು ಅಂತ ಚೀಟಿ ಬರೆದಳು. ತಾಯಂದಿರ ಸುಳ್ಳು ಎಲ್ಲಿಗೂ ಹೋಗಿಲ್ಲ, ಬಸ್ಸಿನಿಂದ ಶಾಲೆಗೆ ವರ್ಗ ಆಗಿದೆ ಅಷ್ಟೆ. ಹಿಂದಿನ ರಾತ್ರಿ ಅಡುಗೆಮನೆ ಬಾಗಿಲಿಗೆ ಇಬ್ಬರನ್ನೂ ಒರಗಿಸಿ, ತಲೆ ಮೇಲೆ ರಟ್ಟಿನ ಪುಸ್ತಕ ಇಟ್ಟು, ಪೆನ್ಸಿಲ್ಲಿನಲ್ಲಿ ಗೆರೆ ಎಳೆದಳು. ಮೊಮ್ಮಗಳಿಗೆ ಹತ್ತು ವರ್ಷ, ಮೊಮ್ಮಗನಿಗೆ ಐದೂವರೆ. ಯಾವ ಆಟಕ್ಕೆ ಯಾರಿಗೆ ಪ್ರವೇಶವಿದೆ ಅಂತ ಮನೆಯಲ್ಲೇ ಹೇಳಿಬಿಟ್ಟರೆ ಅಲ್ಲಿ ಅಳು ಅರ್ಧ ಕಡಿಮೆ ಅನ್ನುವುದು ಅವಳ ಲೆಕ್ಕ. ಹತ್ತಿ ಬಟ್ಟೆ ನೀರಾಟಕ್ಕೆ ನಡೆಯುವುದಿಲ್ಲ, ನೈಲಾನ್ ಬೇಕು. ಬುತ್ತಿ ಒಳಗೆ ಬಿಡುವುದಿಲ್ಲ, ಹಾಗಾಗಿ ಹೋಗುವಾಗಲೇ ಬಿಡದಿಯಲ್ಲಿ ತಟ್ಟೆ ಇಡ್ಲಿ, ಹೊಟ್ಟೆ ತುಂಬ. ಚಿಕ್ಕವನ ಅಂಗೈ ಹಿಂಭಾಗದಲ್ಲಿ ಬಾಲ್‌ಪೆನ್ನಿನಿಂದ ಫೋನ್ ನಂಬರು. ಅದು ನೀರಿಗೆ ಅಳಿಸುತ್ತದೆ ಅಂತ ನಾನಂದೆ. ಅದಕ್ಕೂ ಒಂದು ಉಪಾಯ ಇತ್ತು, ಅಂಗಿಯ ಒಳಮೈಗೆ ಹೊಲಿದ ಪಟ್ಟಿ. ಜೋಡಿಸಾಲಿನಲ್ಲಿ ನಿಲ್ಲಿಸಿ ಎರಡೆರಡು ಸಲ ತಲೆ ಎಣಿಸುತ್ತಿದ್ದ ಮೇಷ್ಟರಿಗೆ ಇದು ಹೊಳೆದಿದ್ದರೆ ಎಷ್ಟು ಓಡಾಟ ತಪ್ಪುತ್ತಿತ್ತು.

ಟಿಕೆಟ್ ಕೌಂಟರಿನಲ್ಲಿ ನನಗೆ ಹಳೆಯ ಸ್ನೇಹಿತರು ಸಿಕ್ಕ ಹಾಗಾಯಿತು. ಇಲ್ಲಿ ವಯಸ್ಸಿನ ಮಾತಿಲ್ಲ, ಎತ್ತರ. 85 ಸೆಂಟಿಮೀಟರಿಗಿಂತ ಕಡಿಮೆ ಇದ್ದರೆ ಬಿಟ್ಟಿ, ಅಲ್ಲಿಂದ 140ರವರೆಗೆ ಮಕ್ಕಳ ದರ. ನಮ್ಮ ಮುಂದಿದ್ದ ತಾಯಿ ಎರಡು ವರ್ಷದ ಕೂಸಿನ ಭುಜದ ಮೇಲೆ ಕೈ ಇಟ್ಟು ಮೆಲ್ಲಗೆ ಒತ್ತುತ್ತಾ, "ಬಗ್ಗು ಬಂಗಾರಿ, ಸ್ವಲ್ಪ ಬಗ್ಗು" ಅನ್ನುತ್ತಿದ್ದಳು. ಮಗು ಪೂರ್ತಿ ನೆಲಕ್ಕೇ ಕೂತುಬಿಟ್ಟಿತು. ಎತ್ತರದಲ್ಲಿ ಸುಳ್ಳು ಹೇಳುವುದು ಕಷ್ಟ ಅಂತ ಎತ್ತರ ಇಟ್ಟಿದ್ದಾರೆ. ಆದರೆ ಕಷ್ಟ ಅಂತ ಬಿಟ್ಟವರು ಯಾರು? ನಾನು ಬೇರೆ ಕಡೆ ನೋಡಿದೆ. ಡ್ಯೂಟಿಯಲ್ಲಿಲ್ಲ.

ಅದಾಗಿ ಅರ್ಧ ಗಂಟೆಗೆ ಒಳಗೆ ಅಳತೆಗೋಲು. ಅದೇ ಮಕ್ಕಳು, ಅದೇ ತಾಯಂದಿರು, ಈಗ "ನೆಟ್ಟಗೆ ನಿಂತ್ಕೋ, ಕತ್ತು ಎತ್ತು!" ಗೇಟಿನಲ್ಲಿ ಕುಗ್ಗಬೇಕಾಗಿದ್ದ ಮಗು ಒಳಗೆ ಉದ್ದವಾಗಬೇಕು. ನನ್ನ ಮೊಮ್ಮಗಳು ನಿಂತಳು. ಅಲ್ಲಿದ್ದ ಹುಡುಗ ಏನೂ ಮಾತಾಡದೆ ಬಗ್ಗಿ, ಅವಳ ಹಿಮ್ಮಡಿಯ ಹಿಂದೆ ನೆಲಕ್ಕೆ ಅಂಗೈ ಚಾಚಿದ. ಹಿಮ್ಮಡಿ ಅಂಗೈಗೆ ತಾಗುವವರೆಗೂ ಕಾದ. ತಾಗಿತು. ಮೇಲೆ ಗೆರೆಗೆ ಎರಡು ಬೆರಳು ಕಡಿಮೆ. "ಇನ್ನೊಂದು ವರ್ಷ, ಪುಟ್ಟಾ," ಅಂದ. ಅವಳು ಜುಟ್ಟನ್ನು ನೆತ್ತಿಯ ಮೇಲೆ ಎತ್ತಿ ಕಟ್ಟಿದ್ದಳು, ಅದೂ ಲೆಕ್ಕಕ್ಕೆ ಬರಲಿಲ್ಲ. ಆ ಹುಡುಗನ ಕೆಲಸದ ಅಚ್ಚುಕಟ್ಟು ನೋಡಿ ನನಗೆ ನಾಚಿಕೆಯೇ ಆಯಿತು. ಕೇಳುವುದೇ ಬೇಡ, ಸುಳ್ಳಿಗೆ ಅವಕಾಶವನ್ನೇ ಕೊಡಬೇಡ, ಹಿಮ್ಮಡಿ ಹಿಂದೆ ಕೈ ಇಡು. ನಾನು 33 ವರ್ಷ ಸುಮ್ಮನೆ ಬಾಯಿ ನೋಯಿಸಿಕೊಂಡೆ.

ಎತ್ತರವೇ ಯಾಕೆ ಅಂತ ಅಲ್ಲೇ ಬೇಲಿ ಹಿಡಿದು ನಿಂತು ನೋಡಿದರೆ ತಿಳಿಯುತ್ತದೆ. ಕೆಲವು ಆಟಗಳಲ್ಲಿ ಇಬ್ಬರ ತೊಡೆ ಮೇಲೆ ಒಂದೇ ಸರಳು ಬರುತ್ತದೆ. ಅಪ್ಪನ ಹೊಟ್ಟೆಗೆ ಸರಳು ತಾಗಿ ಅಲ್ಲೇ ನಿಂತರೆ, ಪಕ್ಕದ ಮಗುವಿನ ತೊಡೆಗೂ ಸರಳಿಗೂ ನಡುವೆ ಒಂದು ಗೇಣು ಖಾಲಿ. ಭುಜದ ಮೇಲಿಂದ ಇಳಿಯುವ ಪಟ್ಟಿಯಾದರೆ ಗಿಡ್ಡ ಮಗು ಅದರ ಕೆಳಗೆ ಜಾರಿಹೋಗಬಹುದು. ಜೊತೆಗೆ ಪುಟ್ಟ ಮಕ್ಕಳಿಗೆ ದೇಹದ ಲೆಕ್ಕಕ್ಕೆ ತಲೆ ಭಾರ, ಎಳೆತಕ್ಕೆ ಕತ್ತು ತಾಳುವುದಿಲ್ಲ. ಸರಳಿಗೆ ಜನ್ಮಪತ್ರಿಕೆ ಗೊತ್ತಾಗುವುದಿಲ್ಲ, ಮೈ ಗೊತ್ತಾಗುತ್ತದೆ. ತೊಟ್ಟಿಲಿನವನು ತೂಕ ನೋಡಿದ್ದು ತನ್ನ ರಟ್ಟೆಗಾಗಿ, ನಾನು ವಯಸ್ಸು ಕೇಳಿದ್ದು ವೇಬಿಲ್ಲಿಗಾಗಿ. ಈ ಗೋಲೊಂದೇ ನೋಡಿ, ಮಗುವಿಗಾಗಿ ನಿಂತದ್ದು. ಗೇಟಿನ ಹೊರಗಿನ ಗೋಲಿನ ಮಾತು ನಾನು ಆಡುತ್ತಿಲ್ಲ.

ಅಮೆರಿಕದಲ್ಲಿರುವ ನನ್ನ ಷಡ್ಡಕನ ಮಗ ಹೇಳಿದ ಪ್ರಕಾರ, ಡಿಸ್ನಿಲ್ಯಾಂಡಿನ ಗೇಟಿನಲ್ಲಿ ಈಗಲೂ ವಯಸ್ಸೇ. 3ರ ಒಳಗೆ ಬಿಟ್ಟಿ, 9ರವರೆಗೆ ಮಕ್ಕಳ ದರ. ಎತ್ತರ ಒಳಗಿನ ಆಟಕ್ಕೆ ಮಾತ್ರ. ಗಿಡ್ಡ ಮಗುವನ್ನು ಅಪ್ಪ ನೋಡಿಕೊಳ್ಳುತ್ತಾನೆ, ಅಮ್ಮ ಆಡಿ ಬರುತ್ತಾಳೆ, ಆಮೇಲೆ ಅಪ್ಪ ಮತ್ತೆ ಸಾಲಿನ ಹಿಂದೆ ನಿಲ್ಲದೆ ಹೋಗಬಹುದು. ಅದು ಒಳ್ಳೆಯ ವ್ಯವಸ್ಥೆ. ಇನ್ನೊಂದಿದೆ, ಎಲ್ಲ ಕಡೆಯೂ ಬಂದಿದೆ, ಹೆಚ್ಚು ದುಡ್ಡು ಕೊಟ್ಟರೆ ಬೇಗ ಸಾಗುವ ಬೇರೆ ಸಾಲು. ನಮ್ಮ ಕಾಲದಲ್ಲಿ ಅದಕ್ಕೆ ಕಿಟಕಿಯಿಂದ ಒಂದು ಟವೆಲ್ ಎಸೆದರೆ ಸಾಕಾಗಿತ್ತು.

ಮಗಳ ಪಟ್ಟಿಯ ಮರ್ಮ ನನಗೆ ತಿಳಿದದ್ದು ಮಧ್ಯಾಹ್ನ. ಬೆಳಗ್ಗೆ ನೆಲದ ಮೇಲಿನ ಆಟ, ಹನ್ನೆರಡಕ್ಕೆ ಮೊದಲೇ ಊಟ, ಊಟದ ಮೇಲೆ ತಿರುಗುವ ಆಟ ಒಂದೂ ಇಲ್ಲ. ಬಸ್ಸಿನ ಹಿಂದಿನ ಚಕ್ರದ ಪಾಠ ಅವಳಿಗೆ ಯಾರು ಹೇಳಿದರೋ! ಚಿಕ್ಕವನಿಗೆ ಒಂದೂವರೆಗೆ ನನ್ನ ತೊಡೆ ಮೇಲೆ ನಿದ್ದೆ, ಬೆಂಚಿನ ಮೇಲೆ. ದೊಡ್ಡವಳೂ ಅಮ್ಮನೂ ಆ ಹೊತ್ತಿಗೆ ನೀರಿಗೆ. ಅವನು ಎದ್ದ ಮೇಲೆ ನಾನೂ ಅವನೂ ಒಂದೇ ಆಟ, ನಿಧಾನಕ್ಕೆ ಸುತ್ತುವ ಒಂದೇ ಸಣ್ಣ ಆಟ, ಐದು ಸಲ ಆಡಿದೆವು. ದುಡ್ಡಿನ ಲೆಕ್ಕದಲ್ಲಿ ಪೂರ್ತಿ ನಷ್ಟ. ನಾಲ್ಕೂವರೆಗೆ ಹೊರಟುಬಿಟ್ಟೆವು. ಇನ್ನೂ ಎಷ್ಟೋ ಆಟ ಉಳಿದಿದ್ದವು, ದೀಪಗೀಪ ಏನಾದರೂ ಇತ್ತೋ ಏನೋ, ನಾವು ನೋಡಲಿಲ್ಲ.

ವಾಪಸು ಬಿಎಂಟಿಸಿ ಬಸ್ಸು. ಮಗಳಿಗೆ, ಮೊಮ್ಮಗಳಿಗೆ ಶಕ್ತಿ ಯೋಜನೆಯ ಶೂನ್ಯ ಟಿಕೆಟ್. 2023ರಿಂದ ಹೆಣ್ಣುಮಕ್ಕಳ ವಯಸ್ಸು ಕೇಳುವ ಕೆಲಸ ಕಂಡಕ್ಟರಿಗೆ ತಪ್ಪಿದೆ. ಚಿಕ್ಕವನು ಕಿಟಕಿಗೆ ಮೂಗು ಒತ್ತಿ ಕೂತಿದ್ದ. ಎರಡು ಆಟಕ್ಕೆ ಗೆರೆ ಮುಟ್ಟಿರಲಿಲ್ಲ, ಅದೇ ಗುಂಗು. ಕಂಡಕ್ಟರ್ ಎಳೆಯ ಹುಡುಗ, ಕೈಯಲ್ಲಿ ಮೆಷಿನ್ನು. ನನಗೆ ಫುಲ್ ಕೊಟ್ಟು, ಇವನ ಕಡೆ ನೋಡಿ, "ಮಗೂಗೆ ಎಷ್ಟು ವರ್ಷ ಯಜಮಾನ್ರೇ?" ಅಂದ.

ನಾನು ಬಾಯಿ ತೆರೆಯುವ ಮೊದಲೇ ಇವನು ಸೀಟಿನ ಮೇಲೆ ಎದ್ದು ನಿಂತು, ಕತ್ತು ಉದ್ದ ಮಾಡಿ, "ಏಳು!" ಅಂದ.

ಕಂಡಕ್ಟರ್ ನನ್ನ ಮುಖ ನೋಡಿದ.

"ಒಂದು ಹಾಫ್ ಕೊಡಪ್ಪ," ಅಂದೆ.